ಗುಡುಗಿನ ಬೈಕಿನ ಮೇಲೆ ಆಲ್ಪ್ಸ್ ಸುತ್ತಾಟ

ಮೋಟಾರ್‌ಸೈಕಲ್ಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲ ಮಾಡುವ ಭಾಗಕ್ಕೆ ನಾವು ಇಟ್ಟಿರುವ ಹೆಸರು ಸೈಲೆನ್ಸರ್! ಮಕ್ಕಳೇ, ಈ ತಮಾಷೆಯನ್ನು ನೀವು ಗಮನಿಸಿದ್ದೀರಾ? ಹೆಸರಿನಲ್ಲಿ ಮೌನ, ಬಾಯಲ್ಲಿ ಗುಡುಗು. ಮೂವತ್ತು ವರ್ಷ ಮೈಸೂರಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಶಬ್ದದ ಪಾಠ ಬಂದಾಗಲೆಲ್ಲ ಈ ಮಾತು ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಅಂಥದ್ದೇ ಒಂದು ಗುಡುಗಿನ ಬೈಕಿನ ಹಿಂದಿನ ಸೀಟಿನಲ್ಲಿ ಕೂತು, ಅರವತ್ತಮೂರನೆಯ ವಯಸ್ಸಿನಲ್ಲಿ ಜರ್ಮನಿ, ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್ ಸುತ್ತುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ನಾನೂ ಅವರ ಜೊತೆ ನಗುತ್ತಿದ್ದೆ.

ನನ್ನ ತಮ್ಮನ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್. ಕಳೆದ ಜೂನ್‌ನಲ್ಲಿ ಅವನ ಮನೆಗೆ ಹೋಗಿದ್ದೆ. "ದೊಡ್ಡಪ್ಪ, ರೈಲಿನಲ್ಲಿ ಆಲ್ಪ್ಸ್ ನೋಡೋದು ಟೀವಿಯಲ್ಲಿ ನೋಡಿದ ಹಾಗೆ. ಬೈಕಿನಲ್ಲಿ ಹೋಗೋಣ, ಆರು ದಿನ" ಎಂದ. ಅವನ ಬೈಕು ಎರಡು ಸಿಲಿಂಡರಿನದು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕಂಪನಿಯವರು ಕೊಟ್ಟ ಸೈಲೆನ್ಸರನ್ನು ಹಿಂದಿನ ಮಾಲೀಕನೇ ತೆಗೆದು, ಅಂಗಡಿಯಲ್ಲಿ ಸಿಗುವ ಬೇರೊಂದು ಥಳಥಳಿಸುವ ಕೊಳವೆ ಹಾಕಿಸಿದ್ದನಂತೆ. ಹುಡುಗ ಕೀಲಿ ತಿರುಗಿಸಿದ. ಎದುರುಮನೆಯ ಕಿಟಕಿಯ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಒಬ್ಬಾಕೆ ಬಂದು ಕಿಟಕಿ ಮುಚ್ಚಿದರು. ಅವನು ನನ್ನ ಕೈಗೆ ಎರಡು ಸಣ್ಣ ಹಳದಿ ಬಿರಡೆಗಳನ್ನು ಕೊಟ್ಟ. "ಕಿವಿಗೆ ಹಾಕ್ಕೊಳ್ಳಿ ದೊಡ್ಡಪ್ಪ, ಇಲ್ಲದಿದ್ರೆ ಸಂಜೆಗೆ ತಲೆ ಸಿಡಿಯುತ್ತೆ." ಅವನೂ ಹಾಕಿಕೊಂಡ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನ ಸುತ್ತ ಗಾಳಿ ಮಾಡುವ ಸದ್ದೇ ಕಿವಿಗೆ ಕೆಟ್ಟದ್ದು, ಆದ್ದರಿಂದ ದೂರ ಹೋಗುವ ಸವಾರರು ಬಿರಡೆ ಹಾಕಿಕೊಳ್ಳುವುದು ಅಲ್ಲಿ ಸಾಮಾನ್ಯ.

ಹೊರಡುವ ಹಿಂದಿನ ದಿನ ಅವನು ನನ್ನನ್ನು ಬಾಡ್ ಕಾನ್‌ಸ್ಟಾಟ್ ಎಂಬ ಬಡಾವಣೆಗೆ ಕರೆದೊಯ್ದ. ಅಲ್ಲಿನ ಒಂದು ತೋಟದ ಮನೆಯಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಖ್ ಗುಟ್ಟಾಗಿ ಎಂಜಿನ್ ಕಟ್ಟುತ್ತಿದ್ದರು. ರಾತ್ರಿಯೆಲ್ಲ ಬಾಗಿಲು ಹಾಕಿಕೊಂಡು ಟಕಟಕ ಎನ್ನುವ ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ತೋಟದ ಮಾಲಿ ಪೊಲೀಸರಿಗೆ ಹೇಳಿದ್ದನಂತೆ! 1885ರಲ್ಲಿ ಅವರು ಮರದ ಚೌಕಟ್ಟಿಗೆ ಎಂಜಿನ್ ಕೂರಿಸಿದರು. ಪೆಟ್ರೋಲ್ ಎಂಜಿನ್ನಿನ ಮೊದಲ ಮೋಟಾರ್‌ಸೈಕಲ್ ಅದು. ಆ ನವೆಂಬರಿನಲ್ಲಿ ಡೈಮ್ಲರ್‌ನ ಮಗ, ಹದಿನಾರು ವರ್ಷದ ಪಾಲ್, ಅದನ್ನು ಪಕ್ಕದ ಊರಿನವರೆಗೆ ಓಡಿಸಿದ. ದಾರಿಯಲ್ಲಿ ಸೀಟಿಗೆ ಬೆಂಕಿ ಹತ್ತಿಕೊಂಡಿತೆಂದು ಹೇಳುತ್ತಾರೆ, ಎಂಜಿನ್ನಿನ ಕೆಂಪಗೆ ಕಾದ ಕೊಳವೆ ಸೀಟಿನ ಕೆಳಗೇ ಇತ್ತಲ್ಲ. ನಮ್ಮ ಸವಾರಿ ಅದಕ್ಕಿಂತ ಮೇಲು ಎಂದು ಸಮಾಧಾನ ಮಾಡಿಕೊಂಡೆ.

ಈಗ ಸ್ವಲ್ಪ ಪಾಠ. ಮೇಷ್ಟರ ಚಟ, ಸಹಿಸಿಕೊಳ್ಳಿ. ಎಂಜಿನ್ನಿನೊಳಗೆ ಪೆಟ್ರೋಲ್ ಉರಿದಾಗ ಬಿಸಿ ಅನಿಲ ಒಮ್ಮೆಲೇ ಹೊರಗೆ ನುಗ್ಗುತ್ತದೆ. ಗಾಳಿ ತುಂಬಿದ ಕಾಗದದ ಚೀಲವನ್ನು ಅಂಗೈಯಲ್ಲಿ ಹೊಡೆದು ಒಡೆಯುತ್ತೀರಲ್ಲ, ಹಾಗೆ. ಎರಡು ಸಿಲಿಂಡರಿನ ಬೈಕು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಇಂಥ ಚೀಲ ಸೆಕೆಂಡಿಗೆ ಸುಮಾರು 67 ಸಲ ಒಡೆಯುತ್ತದೆ. ಈ ಅಬ್ಬರವನ್ನು ಸೈಲೆನ್ಸರಿನೊಳಗಿನ ಕೋಣೆಗಳು, ತೂತು ಕೊರೆದ ಕೊಳವೆಗಳು ಪಳಗಿಸುತ್ತವೆ. ಶಬ್ದದ ಅಲೆ ಒಂದು ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ. ಬರುವ ಅಲೆಯ ಏರು ಹೋಗುವ ಅಲೆಯ ಇಳಿವಿಗೆ ಸಿಕ್ಕರೆ ಎರಡೂ ಒಂದನ್ನೊಂದು ನುಂಗಿಕೊಳ್ಳುತ್ತವೆ. ಕೆಲವು ಸೈಲೆನ್ಸರುಗಳಲ್ಲಿ ಗಾಜಿನ ಉಣ್ಣೆ ತುಂಬಿರುತ್ತಾರೆ, ಅದು ಸದ್ದನ್ನು ಹೀರುತ್ತದೆ. ಇಂಥ ಒಂದು ಸಾಧನಕ್ಕೆ ಅಮೆರಿಕದ ರೀವ್ಸ್ ಸಹೋದರರು 1897ರಲ್ಲೇ ಪೇಟೆಂಟ್ ಪಡೆದಿದ್ದರು.

ಅಂಗಡಿಯ ಸೈಲೆನ್ಸರುಗಳಲ್ಲಿ ಒಳಗಿನ ಕೋಣೆಗಳು ಕಡಿಮೆ, ದಾರಿ ನೇರ. ಆದ್ದರಿಂದ ಅದರ ಬಾಯಿಗೆ ಬೆರಳುದ್ದದ ಒಂದು ಕಿರಿದಾದ ಕೊಳವೆ ತೂರಿಸಿ ಒಂದೇ ಒಂದು ಸ್ಕ್ರೂ ಬಿಗಿದಿರುತ್ತಾರೆ. ಅದರ ಹೆಸರು ಡಿಬಿ ಕಿಲ್ಲರ್, ಅಂದರೆ ಡೆಸಿಬೆಲ್ ಕೊಲ್ಲುವವನು. ಯುರೋಪಿನಲ್ಲಿ ಒಪ್ಪಿಗೆ ಪಡೆದ ಸೈಲೆನ್ಸರಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಅಚ್ಚೊತ್ತಿರುತ್ತದೆ. ಸಂಖ್ಯೆ ಒಪ್ಪಿಗೆ ಕೊಟ್ಟ ದೇಶದ್ದು: 1 ಅಂದರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ. ಆ ಒಪ್ಪಿಗೆ ಡಿಬಿ ಕಿಲ್ಲರ್ ಒಳಗಿದ್ದರೆ ಮಾತ್ರ. ತೆಗೆದು ಓಡಿಸಿದರೆ ಜರ್ಮನಿಯಲ್ಲಿ ಬೈಕು ರಸ್ತೆಗಿಳಿಯುವ ಅನುಮತಿಯೇ ಬಿದ್ದುಹೋಗುತ್ತದೆ. ನಮ್ಮ ಹುಡುಗನ ಸೈಲೆನ್ಸರಿನ ಮೇಲೆ ಇಟಲಿಯ ಮುದ್ರೆ ಚೆನ್ನಾಗಿಯೇ ಇತ್ತು. ಡಿಬಿ ಕಿಲ್ಲರ್ ಮಾತ್ರ ಸ್ಪ್ಯಾನರುಗಳ ಜೊತೆ ಸೀಟಿನ ಕೆಳಗಿನ ಚೀಲದಲ್ಲಿತ್ತು.

ನಿಜ ಹೇಳಬೇಕೆಂದರೆ ಆ ಸದ್ದು ನನಗೆ ಇಷ್ಟವಾಯಿತು. ಮೈಸೂರಿನ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1960ರ ದಶಕದಿಂದ 1996ರವರೆಗೆ ನಮ್ಮ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ಜಾವಾ ಅದೇ ಯುರೋಪಿನ ಮಗು. 1929ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ್ದು. ಸಂಜೆ ಬೀದಿಯ ತಿರುವಿನಲ್ಲಿ ಸದ್ದು ಕೇಳಿದರೇ ಯಾರ ಮನೆಯ ಯಜಮಾನರು ಬಂದರೆಂದು ಗೊತ್ತಾಗುತ್ತಿತ್ತು. ಸೈಲೆನ್ಸರಿನ ಒಳಗಿನದನ್ನು ಕಿತ್ತು ಊರೆಲ್ಲ ಎಬ್ಬಿಸುವ ಹುಡುಗರು ಆಗಲೂ ಇದ್ದರು.

ಜರ್ಮನಿಯ ಗಡಿ ದಾಟಿ ಆಸ್ಟ್ರಿಯಾದ ರೊಯ್ಟೆ ಊರಿಗೆ ಬಂದೆವು. ಅಲ್ಲಿ ರಸ್ತೆಬದಿಯಲ್ಲಿ ಒಂದು ಫಲಕ: ಕೆಂಪು ವೃತ್ತದೊಳಗೆ ಮೋಟಾರ್‌ಸೈಕಲ್, ಕೆಳಗೆ 95 ಡೆಸಿಬೆಲ್ ಎಂದು ಬರೆದಿದೆ. ಈ ಟಿರೋಲ್ ಸೀಮೆಯ ಲೆಖ್ ಕಣಿವೆ, ಟಾನ್‌ಹೈಮ್ ಕಣಿವೆ ಮೊದಲಾದ ಕೆಲವು ರಸ್ತೆಗಳಲ್ಲಿ 2020ರಿಂದ ಒಂದು ನಿಯಮ ಬಂದಿದೆ. ನಿಂತಲ್ಲಿ ಅಳೆದಾಗ 95 ಡೆಸಿಬೆಲ್‌ಗಿಂತ ಹೆಚ್ಚು ಸದ್ದಿನ ಬೈಕುಗಳಿಗೆ ಬೇಸಿಗೆಯ ತಿಂಗಳುಗಳಲ್ಲಿ ಪ್ರವೇಶವಿಲ್ಲ. ಸಿಕ್ಕಿಬಿದ್ದರೆ 220 ಯೂರೋ ದಂಡ. ಅಳೆಯುವ ಕ್ರಮ ನಮ್ಮ ಪ್ರಯೋಗಶಾಲೆಯಷ್ಟೇ ಕಟ್ಟುನಿಟ್ಟು: ಸೈಲೆನ್ಸರಿನ ಬಾಯಿಂದ 50 ಸೆಂಟಿಮೀಟರ್ ದೂರ, 45 ಡಿಗ್ರಿ ಕೋನದಲ್ಲಿ ಮೈಕು. ಆ ಅಂಕಿ ಬೈಕಿನ ನೋಂದಣಿ ಪತ್ರದಲ್ಲಿ ಯು.1 ಎಂಬ ಕಾಲಮ್ಮಿನಲ್ಲಿರುತ್ತದೆ. ಪೊಲೀಸರು ಮೊದಲು ನೋಡುವುದು ಅದನ್ನೇ.

ಹುಡುಗ ಪತ್ರ ತೆಗೆದು ತೋರಿಸಿದ. ಯು.1 ಎದುರಿಗೆ 93.

"ನೋಡಿ ದೊಡ್ಡಪ್ಪ, ನಾವು ಹೋಗಬಹುದು."

"ಈ 93 ಯಾವ ಸೈಲೆನ್ಸರಿನದು?"

"ಕಂಪನಿ ಸೈಲೆನ್ಸರಿನದು."

"ಹಾಗಾದರೆ ಚೀಲದಲ್ಲಿರೋದನ್ನ ತೆಗೆದುಹಾಕಿರುವ ಇದರದ್ದು?"

ಅವನು ಉತ್ತರ ಹೇಳಲಿಲ್ಲ. ಡೆಸಿಬೆಲ್ ಎಂಬುದು ರೂಪಾಯಿಯ ಹಾಗೆ ಒಂದೊಂದೇ ಕೂಡುವ ಲೆಕ್ಕವಲ್ಲ ಮಕ್ಕಳೇ. ಮೂರು ಏರಿದರೆ ಶಬ್ದದ ಶಕ್ತಿ ಎರಡರಷ್ಟು, ಹತ್ತು ಏರಿದರೆ ಹತ್ತರಷ್ಟು. 93 ಇದ್ದದ್ದು 103 ಆದರೆ ಹತ್ತು ಬೈಕು ಒಟ್ಟಿಗೆ ನಿಂತಂತೆ. ಇಷ್ಟು ಹೇಳಿ ನಾನು ಸುಮ್ಮನಾದೆ. ಬೈಕು ಅವನದು, ಪೆಟ್ರೋಲು ಅವನದು, ನಾನು ಹಿಂದೆ ಕೂತ ನೆಂಟ. ಇಬ್ಬರೂ ಮಾತಾಡದೆ ಕಣಿವೆಯೊಳಗೆ ಹೊರಟೆವು.

ಲೆಖ್ ನದಿಯ ನೀರು ಹಸುರು ಬೆರೆತ ಹಾಲಿನ ಬಣ್ಣ. ಎರಡೂ ಕಡೆ ಬೆಟ್ಟದ ಗೋಡೆ, ನಡುವೆ ಹುಲ್ಲುಗಾವಲು, ಮರದ ಮನೆಗಳು. ಇಂಥ ಇಕ್ಕಟ್ಟಿನ ಕಣಿವೆಯಲ್ಲಿ ಸದ್ದಿಗೆ ಓಡಿಹೋಗಲು ಜಾಗವಿಲ್ಲ. ಬಯಲಿನಲ್ಲಾದರೆ ದೂರ ಎರಡರಷ್ಟಾದಾಗಲೆಲ್ಲ ಆರು ಡೆಸಿಬೆಲ್ ಕಡಿಮೆಯಾಗುತ್ತಾ ಹೋಗುವ ಸದ್ದು, ಇಲ್ಲಿ ಬಂಡೆಗೆ ಬಡಿದು ವಾಪಸು ಬರುತ್ತದೆ. ನಮ್ಮ ಬೈಕಿನ ಗುಡುಗು ನಮಗೇ ಎದುರಾಗಿ ಬಂದಂತೆ ಕೇಳುತ್ತಿತ್ತು.

ಸಂಜೆ ಒಂದು ಹಳ್ಳಿಯ ಅತಿಥಿಗೃಹದಲ್ಲಿ ಇಳಿದೆವು. ಎಪ್ಪತ್ತು ದಾಟಿದ ಅಜ್ಜಿ ಮನೆಯೊಡತಿ. ಊರು ಮುಗಿದು ಏರು ಶುರುವಾಗುವ ಕಡೆ ಅವರ ಮನೆ, ಸವಾರರೆಲ್ಲ ಕೈ ತಿರುಚಿ ವೇಗ ಏರಿಸುವುದು ಸರಿಯಾಗಿ ಅವರ ಬಾಗಿಲ ಮುಂದೆ. ಕೆಂಪು ಜೆರೇನಿಯಂ ಹೂವಿನ ಕುಂಡಗಳನ್ನು ಸಾಲಾಗಿ ಇಟ್ಟ ಮರದ ಬಾಲ್ಕನಿ ಇತ್ತು. ಅಲ್ಲಿ ಒಂದು ಖಾಲಿ ಆರಾಮ ಕುರ್ಚಿ. ಕೋಣೆಗೆ ಹೋಗಿ ನೋಡುತ್ತೇನೆ, ದಿಂಬಿನ ಮೇಲೆ ಒಂದು ಚಾಕೊಲೇಟು, ಅದರ ಪಕ್ಕ ಒಂದು ಪುಟ್ಟ ಪೊಟ್ಟಣ. ಒಳಗೆ ಎರಡು ಹಳದಿ ಬಿರಡೆಗಳು.

ಊಟದ ಹೊತ್ತಿಗೆ ಅಜ್ಜಿ ಮಾತಿಗೆ ಕೂತರು. ಅವರದು ಜರ್ಮನ್, ನಡುವೆ ಹುಡುಗನೇ ದುಭಾಷಿ. ಅಜ್ಜನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆಯಂತೆ. ಬಾಲ್ಕನಿಯ ಕುರ್ಚಿ ಅವರದು. ಆದರೆ ಶನಿವಾರ ಭಾನುವಾರ ಹಿತ್ತಲ ಕಡೆಯ ಕತ್ತಲೆ ಕೋಣೆಯಲ್ಲಿ ಮಲಗುತ್ತಾರೆ, ಒಂದೊಂದು ಗುಡುಗಿಗೂ ಅವರ ಎದೆ ಹಾರುತ್ತದೆ. "ಹಾಗಂತ ಬೈಕಿನವರು ಬರಬೇಡಿ ಅಂತ ಹೇಗೆ ಹೇಳಲಿ? ಬೇಸಿಗೆಯಲ್ಲಿ ನನ್ನ ಕೋಣೆ ತುಂಬಿಸುವವರು ಅವರೇ. ಒಳ್ಳೆಯ ಹುಡುಗರು. ಊಟದ ತಟ್ಟೆಯನ್ನು ತಾವೇ ಎತ್ತಿಡುತ್ತಾರೆ" ಎಂದರು. ಇದನ್ನು ನನಗೆ ಕನ್ನಡಕ್ಕೆ ತಿರುಗಿಸಿ ಹೇಳುವಾಗ ನಮ್ಮ ಹುಡುಗನ ದನಿ ಸಣ್ಣದಾಗುತ್ತಾ ಹೋಯಿತು. ಕೈ ಮಾತ್ರ ತಟ್ಟೆ ಎತ್ತುತ್ತಿತ್ತು.

ನಿಮ್ಮ ದೇಶದಲ್ಲಿ ಸದ್ದಿಗೆ ಏನು ಮಾಡುತ್ತೀರಿ ಎಂದು ಅಜ್ಜಿ ನನ್ನನ್ನು ಕೇಳಿದರು. ನಮ್ಮಲ್ಲಿ ಲಾರಿಗಳ ಹಿಂದೆ ದಯವಿಟ್ಟು ಹಾರ್ನ್ ಮಾಡಿ ಎಂದು ಬಣ್ಣದಲ್ಲಿ ಬರೆಸಿರುತ್ತಾರೆ ಎಂದೆ. ಹುಡುಗ ಅನುವಾದಿಸಿದ. ಅಜ್ಜಿ ಅರ್ಥವಾಗದೆ ಇನ್ನೊಮ್ಮೆ ಕೇಳಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗೆ ಹೋಗಿ ಅಜ್ಜನಿಗೂ ಹೇಳಿ ಬಂದರು. ಒಳಗಿನಿಂದಲೂ ಒಂದು ನಗು ಕೇಳಿಸಿತು.

ಮರುದಿನ ಭಾನುವಾರ. ಆರೂವರೆಗೆ ಹೊರಡಬೇಕು, ಊರಿಗೆ ಊರೇ ಮಲಗಿದೆ. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಕೊಟ್ಟ ಸಲಹೆಯಂತೆ ರಾತ್ರಿ ಹೊತ್ತು ರಸ್ತೆಯ ಸದ್ದು ಸರಾಸರಿ 45 ಡೆಸಿಬೆಲ್ ಮೀರಬಾರದು. ಹುಡುಗ ಕೀಲಿ ಹಾಕಿದವನು ತಿರುಗಿಸಲಿಲ್ಲ. "ದೊಡ್ಡಪ್ಪ, ಸ್ವಲ್ಪ ತಳ್ತೀರಾ?" ಎಂದ. ಇನ್ನೂರು ಕಿಲೋ ಮೀರಿದ ಬೈಕು, ಎದುರಿಗೆ ಏರು. ಅವನು ಹ್ಯಾಂಡಲ್ ಹಿಡಿದು, ನಾನು ಹಿಂದಿನಿಂದ ಒತ್ತಿ, ಏದುಸಿರು ಬಿಡುತ್ತಾ ಮನೆಗಳೆಲ್ಲ ಮುಗಿಯುವವರೆಗೆ ತಳ್ಳಿದೆವು. ಅಲ್ಲೊಂದು ಸೌದೆ ಪೇರಿಸಿದ್ದ ಜಾಗ. ಹುಡುಗ ಸೀಟು ತೆಗೆದು ಚೀಲ ಬಿಚ್ಚಿ, ಡಿಬಿ ಕಿಲ್ಲರನ್ನು ಸೈಲೆನ್ಸರಿನ ಬಾಯಿಗೆ ತೂರಿಸಿ ಸ್ಕ್ರೂ ಬಿಗಿದ. ಎರಡು ನಿಮಿಷದ ಕೆಲಸ. ಬೈಕು ಶುರು ಮಾಡಿದರೆ ಒಂದು ಗಂಭೀರವಾದ ಗುರುಗುರು, ಅಷ್ಟೆ.

"ಸಪ್ಪೆ" ಎಂದ ಮುಖ ಗಂಟಿಕ್ಕಿ.

ಹಾನ್‌ಟೆನ್‌ಯೋಖ್ ಎಂಬ 1,894 ಮೀಟರ್ ಎತ್ತರದ ಘಾಟಿ ಹತ್ತಿದೆವು. ನಮ್ಮ ಮುಳ್ಳಯ್ಯನಗಿರಿಗೆ ಹೆಚ್ಚು ಕಡಿಮೆ ಅದೇ ಎತ್ತರ. ಸಪ್ಪೆಯೋ ಖಾರವೋ, ಆ ದಾರಿಯಲ್ಲಿ ಹಸುವಿನ ಕೊರಳ ಗಂಟೆ ಕೇಳಿಸಿತು, ಬಂಡೆಯಿಂದ ಬೀಳುವ ನೀರು ಕೇಳಿಸಿತು. ಮಾತೂ ಶುರುವಾಯಿತು. ಜೋರು ಸೈಲೆನ್ಸರಿದ್ದರೆ ಕಾರಿನವರಿಗೆ ಬೈಕು ಬರುವುದು ಗೊತ್ತಾಗುತ್ತದೆ, ಜೀವ ಉಳಿಯುತ್ತದೆ ಎಂಬುದು ಅವನ ವಾದ. ಬಹಳ ಸವಾರರು ಇದನ್ನೇ ಹೇಳುತ್ತಾರೆ. ಪೂರ್ತಿ ಸುಳ್ಳೆನ್ನಲಾರೆ. ಆದರೆ ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ, ಅಪಾಯ ಹೆಚ್ಚಾಗಿ ಬರುವುದು ಮುಂದಿನಿಂದ. ಎದುರಿನ ಕಾರಿನವನು ಕಿಟಕಿ ಮುಚ್ಚಿ ಹಾಡು ಹಾಕಿಕೊಂಡಿರುತ್ತಾನೆ. ನಿಜವಾಗಿ ಕೇಳಿಸುವುದು ನಾವು ದಾಟಿ ಬಂದ ಮನೆಗಳವರಿಗೆ.

ಜರ್ಮನಿಯಲ್ಲೂ ಇದು ದೊಡ್ಡ ಜಗಳ. 2020ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆ ಹೊಸ ಬೈಕುಗಳ ಸದ್ದಿಗೆ ಕಡಿವಾಣ ಹಾಕಬೇಕೆಂದು ಸೂಚಿಸಿದಾಗ, ಜುಲೈ 4ರಂದು ಮ್ಯೂನಿಕ್, ಸ್ಟುಟ್‌ಗಾರ್ಟ್ ಮುಂತಾದ ನಗರಗಳಲ್ಲಿ ಸಾವಿರಾರು ಸವಾರರು ಬೈಕಿನಲ್ಲೇ ಮೆರವಣಿಗೆ ಹೊರಟರು. ಫ್ರಾನ್ಸಿನವರು ಇನ್ನೊಂದು ದಾರಿ ಹಿಡಿದಿದ್ದಾರೆ. ಪ್ಯಾರಿಸ್ ಪ್ರದೇಶದಲ್ಲಿ ಶಬ್ದ ಅಳೆಯುವ ಬ್ರುಯಿಪಾರಿಫ್ ಎಂಬ ಸಂಸ್ಥೆ ನಾಲ್ಕು ಮೈಕುಗಳ ಒಂದು ಯಂತ್ರ ಮಾಡಿದೆ. ಸದ್ದು ಯಾವ ವಾಹನದಿಂದ ಬಂತೆಂದು ಅದು ಗುರುತಿಸುತ್ತದೆ. ಕಂಬಕ್ಕೆ ಜೋತುಬಿದ್ದ ಅದನ್ನು ಮೆಡ್ಯೂಸ್ ಅನ್ನುತ್ತಾರೆ, ಫ್ರೆಂಚಿನಲ್ಲಿ ಜೆಲ್ಲಿ ಮೀನಿನ ಹೆಸರು. ಸೈಲೆನ್ಸರಿಲ್ಲದ ಒಂದೇ ಸ್ಕೂಟರ್ ನಡುರಾತ್ರಿ ಪ್ಯಾರಿಸ್ ನಗರವನ್ನು ಹಾದುಹೋದರೆ ಸುಮಾರು 10,000 ಜನರ ನಿದ್ದೆ ಕೆಡಬಹುದು ಎಂಬುದು ಅದೇ ಸಂಸ್ಥೆಯ ಅಂದಾಜು.

ಲಾಂಡೆಕ್ ಹತ್ತಿರ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗ. ಅಲ್ಲಿ ಮನೆಯಿಲ್ಲ, ಹಸುವಿಲ್ಲ. ಹುಡುಗ ನಿಟ್ಟುಸಿರು ಬಿಟ್ಟದ್ದು ಹೆಲ್ಮೆಟ್ಟಿನೊಳಗೂ ತಿಳಿಯಿತು. ಅಲ್ಲಿ ನನಗೂ ಆ ಗುಡುಗು ಬೇಕಿತ್ತು ಅನಿಸಿದ್ದು ಸುಳ್ಳಲ್ಲ.

ಮುಂದೆ ಇಟಲಿಯ ಗಡಿ ದಾಟಿದರೆ ರೆಶನ್ ಸರೋವರ. ನೀರಿನ ನಡುವಿನಿಂದ ಒಂದು ಚರ್ಚಿನ ಗೋಪುರ ಎದ್ದು ನಿಂತಿದೆ, ಕೆಳಗೆ ಚರ್ಚಿಲ್ಲ, ಊರಿಲ್ಲ. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ನೀರು ನಿಲ್ಲಿಸಿದಾಗ ಗ್ರೌನ್ ಎಂಬ ಹಳ್ಳಿ ಮುಳುಗಿತು. ಹದಿನಾಲ್ಕನೆಯ ಶತಮಾನದ ಗೋಪುರ ಮಾತ್ರ ಉಳಿಯಿತು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಶರಾವತಿ ತೀರದವರಿಗೆ ಈ ದೃಶ್ಯ ಹೊಸದಲ್ಲ. ಮುಳುಗುವ ಮೊದಲೇ ಗೋಪುರದ ಗಂಟೆಗಳನ್ನು ಇಳಿಸಿ ಒಯ್ದಿದ್ದರು. ಆದರೂ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಗಂಟೆ ಬಾರಿಸುವುದು ಕೇಳುತ್ತದೆ ಎಂದು ಆ ಕಡೆಯವರು ಕಥೆ ಹೇಳುತ್ತಾರೆ.

ಅದರಾಚೆಗೆ ಸ್ಟೆಲ್ವಿಯೊ ಘಾಟಿ. ಎತ್ತರ 2,757 ಮೀಟರ್. ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ 1820ರಿಂದ 1825ರೊಳಗೆ ಕಟ್ಟಿದ ರಸ್ತೆ ಇದು. ನಾವು ಹತ್ತಿದ ಬದಿಯಲ್ಲಿ 48 ಹಿಮ್ಮುರಿ ತಿರುವುಗಳು, ಒಂದೊಂದಕ್ಕೂ ಸಂಖ್ಯೆ. ಆಗುಂಬೆ ಘಾಟಿಯ 14 ತಿರುವಿಗೇ ಹೊಟ್ಟೆ ತೊಳಸುವವರು ಕಣ್ಣು ಮುಚ್ಚಿಕೊಳ್ಳಬೇಕು. ತುದಿಯಲ್ಲಿ ಬೈಕುಗಳ ಜಾತ್ರೆ, ನೂರು ಬಗೆಯ ಗುಡುಗು. ಅಲ್ಲಿ ನಿಲ್ಲಲಾಗದೆ ಪಕ್ಕದ ಉಂಬ್ರಾಯಿಲ್ ಘಾಟಿಯಿಂದ ಸ್ವಿಟ್ಜರ್ಲೆಂಡಿನ ಕಡೆ ಇಳಿದೆವು. ಒಂದು ತಿರುವಿನಲ್ಲಿ ಎಂಜಿನ್ ಆರಿಸಿ, ರೊಟ್ಟಿ ಚೀಸು ತಿನ್ನುತ್ತಾ ಕೂತಿದ್ದಾಗ ಯಾರೋ ಸೀಟಿ ಹೊಡೆದರು. ಸುತ್ತ ನೋಡಿದರೆ ಯಾರೂ ಇಲ್ಲ. ಮತ್ತೊಂದು ಸೀಟಿ. ಬಂಡೆಯ ಮೇಲೆ ಬೆಕ್ಕಿಗಿಂತ ದಪ್ಪನೆಯ ಒಂದು ಪ್ರಾಣಿ ಎರಡು ಕಾಲಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿದೆ! ಅದು ಮಾರ್ಮಾಟ್, ಅಳಿಲಿನ ಬಳಗದ್ದು. ಆಕಾಶದಲ್ಲಿ ಹದ್ದು ಕಂಡರೆ ಹೀಗೆ ಸೀಟಿ ಹೊಡೆದು ತನ್ನವರನ್ನೆಲ್ಲ ಬಿಲಕ್ಕೆ ಕಳಿಸುತ್ತದೆ. ಹುಡುಗ ಆರು ವರ್ಷದಿಂದ ಈ ಬೆಟ್ಟಗಳಲ್ಲಿ ಸುತ್ತುತ್ತಿದ್ದಾನೆ. ಮಾರ್ಮಾಟಿನ ಸೀಟಿ ಅವನು ಕೇಳಿದ್ದು ಅದೇ ಮೊದಲು.

ಕೊನೆಯ ದಿನ ಮತ್ತೆ ಜರ್ಮನಿ. ಸ್ಟುಟ್‌ಗಾರ್ಟ್ ಇರುವ ಬಾಡನ್-ವುರ್ಟೆಂಬರ್ಗ್ ರಾಜ್ಯದ ಕೆಲವು ಊರುಗಳಲ್ಲಿ ಸದ್ದು ಅಳೆಯುವ ಫಲಕಗಳಿವೆ. ದಂಡವಿಲ್ಲ, ಫೋಟೋ ಇಲ್ಲ. ಬೈಕು ಗದ್ದಲ ಮಾಡಿದರೆ ಮೆಲ್ಲಗೆ ಹೋಗಿ ಎಂದು ಜರ್ಮನ್ ಭಾಷೆಯಲ್ಲಿ ಬೆಳಗುತ್ತದೆ, ಮಾಡದಿದ್ದರೆ ಧನ್ಯವಾದ ಎನ್ನುತ್ತದೆ. ಸ್ವಾಬಿಯನ್ ಆಲ್ಬ್ ಬೆಟ್ಟಸಾಲಿನ ಒಂದು ಹಳ್ಳಿಯಲ್ಲಿ ಅಂಥ ಫಲಕ ಎದುರಾಯಿತು. ಪ್ರತಿಸಲ ಅದರ ಬೈಗುಳ ತಿಂದೇ ಹೋಗುತ್ತಿದ್ದೆ ಎಂದು ಹುಡುಗ ಮೊದಲೇ ಹೇಳಿದ್ದ. ನಾವು ಹತ್ತಿರವಾದೆವು. ಫಲಕ ಒಂದು ಕ್ಷಣ ಯೋಚಿಸಿದಂತೆ ಕಪ್ಪಾಗಿದ್ದು, ಆಮೇಲೆ ಹಸುರು ಅಕ್ಷರಗಳಲ್ಲಿ ಧನ್ಯವಾದ ಹೇಳಿತು.

ಊರು ದಾಟಿದ ಮೇಲೆ ಹುಡುಗ ಬೈಕನ್ನು ಬದಿಗೆ ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಎತ್ತಿ ಹಿಂದಕ್ಕೆ ತಿರುಗಿದ.

"ದೊಡ್ಡಪ್ಪ, ಇನ್ನೊಂದು ಸಲ ಹೋಗಿ ನೋಡಿಕೊಂಡು ಬರೋಣ?"